ಎಲ್ಲರೂ ಹೌದೆಂದ ಬೀದಿ

"ನನ್ನನ್ನ ಯಾರೂ ಏನೂ ಕೇಳಿಲ್ಲಮ್ಮ," ಎಂದರು ಫೋನಿನ ಆ ತುದಿಯಲ್ಲಿದ್ದ ನಿವೃತ್ತ ಮೇಷ್ಟ್ರು.

ಉತ್ತರಗಳನ್ನು ತಾಳೆ ನೋಡಲು ಫೋನ್ ಮಾಡಿದ್ದ ಸಮೀಕ್ಷೆಯ ಮೇಲ್ವಿಚಾರಕಿ ಬೆಚ್ಚಿದಳು. ಎದುರಿನ ಪರದೆಯಲ್ಲಿ ಮೇಷ್ಟ್ರ ಉತ್ತರ ರಾಜಾರೋಷವಾಗಿ ಕೂತಿತ್ತು: ಹೆರಿಗೆ ಆಸ್ಪತ್ರೆ ಮುಚ್ಚಬಾರದು, ಅದಕ್ಕಾಗಿ ತೆರಿಗೆ ಹೆಚ್ಚಾದರೂ ಸರಿ. ಅದೇ ಬೀದಿಯ ಇನ್ನೂ ಮೂವರಿಗೆ ಫೋನ್ ಮಾಡಿದಳು. ಅವರನ್ನೂ ಯಾರೂ ಕೇಳಿರಲಿಲ್ಲ.

ಸಮೀಕ್ಷೆಯ ವರದಿ ಸಂಜೆ ನಗರಸಭೆಗೆ ಹೋಗಬೇಕು. ಆಸ್ಪತ್ರೆಯ ಹಣೆಬರಹ ಅದರ ಮೇಲೆ ನಿಂತಿದೆ. ಮುಚ್ಚುವುದಾದರೆ ಬರುವ ವಾರವೇ. ಇದೇ ಕಚೇರಿಯಲ್ಲಿದ್ದು ಈಗ ರಜೆಯಲ್ಲಿರುವ ಅವಳ ಮಗಳಿಗೆ ತುಂಬು ಬಸುರು. ಆಸ್ಪತ್ರೆ ಇರುವುದು ಮಗಳ ಮನೆಯ ಹಿಂದೆಯೇ. ಸುಳ್ಳು ಉತ್ತರಗಳನ್ನು ತೆಗೆದರೆ ತಕ್ಕಡಿ ಯಾವ ಕಡೆ ವಾಲುತ್ತದೋ! ಕಂಡೂ ಕಾಣದಂತಿದ್ದುಬಿಡಲೇ ಎಂದು ಒಂದು ಕ್ಷಣ ಅನಿಸಿದ್ದೂ ನಿಜ.

* * *

ಆ ಬೀದಿಯ ಜನರನ್ನು ಕೇಳಿ ಬರೆದುಕೊಳ್ಳುವ ಕೆಲಸ ಕಚೇರಿಯ ಮೀಸೆಯವನ ಪಾಲಿನದು. ಎಲ್ಲರಿಗಿಂತ ಮೊದಲು ಕೆಲಸ ಮುಗಿಸಿ ಮೀಸೆ ತಿರುವುವ ಆಸಾಮಿ.

"ಯಾರನ್ನೂ ಕೇಳದೆ ಕೂತಲ್ಲೇ ಬರೆದ್ಯಾ?"

"ದೇವರಾಣೆ ಇಲ್ಲ ಅಕ್ಕ!" ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಆದ್ರೆ ಅರ್ಧ ಬೀದಿ ನಂದಲ್ಲ."

"ಮತ್ತೆ ಯಾರದು?"

ಅವನು ನೆಲ ನೋಡಿದ. "ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಅವಳು ಇಡೀ ಬೀದಿಯ ಉತ್ತರ ಓದಿದಳು. ಮೊದಲರ್ಧದಲ್ಲಿ ಜನ ಜನರಂತೆಯೇ ಇದ್ದರು. ಆಸ್ಪತ್ರೆ ಬೇಕು, ತೆರಿಗೆ ಬೇಡ. ಒಬ್ಬರು ಯೋಚಿಸಿ ಹೇಳ್ತೀನಿ ಎಂದಿದ್ದರು, ಇನ್ನೊಬ್ಬರು ಮೊದಲು ಚರಂಡಿ ಸರಿಮಾಡಿಸಿ ಎಂದು ಬೈದಿದ್ದರು. ಉಳಿದರ್ಧದಲ್ಲಿ ಎಲ್ಲರದೂ ಒಂದೇ ರಾಗ: ಆಸ್ಪತ್ರೆಯೂ ಬೇಕು, ತೆರಿಗೆಯನ್ನೂ ಕೊಡುತ್ತೇವೆ. ಅಷ್ಟು ಉದಾರಿಗಳ ಬೀದಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಮೇಷ್ಟ್ರ ಹೆಸರಿನಲ್ಲಿ ಒಂದು ಕಾರಣವೂ ಇತ್ತು: 'ದೂರದ ಆಸ್ಪತ್ರೆಗೆ ಹೋಗುವಾಗ ರೈಲ್ವೆ ಗೇಟ್ ಹಾಕಿದರೆ ಕಾರಿನಲ್ಲೇ ಎಲ್ಲ ಮುಗಿದುಹೋಗುತ್ತೆ.'

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಕಳೆದ ವಾರ ಸ್ಕ್ಯಾನಿಂಗಿಗೆಂದು ದೂರದ ದೊಡ್ಡಾಸ್ಪತ್ರೆಗೆ ಹೋಗುವಾಗ, ಮುಚ್ಚಿದ ಗೇಟಿನ ಮುಂದೆ ಅವಳ ಕೈ ಬಿಗಿಹಿಡಿದು ಇದೇ ಮಾತು ಹೇಳಿದ್ದು ಮಗಳು.

* * *

"ನೀನೇ ಅಲ್ವೇನೆ?"

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. "ಹೂಂ ಅಮ್ಮ. ಅರ್ಧ ಬೀದಿ ನನಗೆ ಕೊಡು ಅಂತ ಅವನ ಹತ್ರ ಗೋಗರೆದೆ. ನಿನಗೆ ಹೇಗೆ ಗೊತ್ತಾಯ್ತು?"

"ನಿಜವಾದ ಜನ ಇಷ್ಟು ನೀಟಾಗಿ ಮಾತಾಡಲ್ಲ ಕಣೆ. ಬೇಕು, ಬೇಡ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ. ಸಾಲದ್ದಕ್ಕೆ ಮೇಷ್ಟ್ರ ಬಾಯಲ್ಲಿ ನಿನ್ನ ಗೇಟು ಬಂತು."

"ಮುಚ್ಚಲಿ ಅಂದುಬಿಟ್ರೆ ಅಂತ ಭಯ. ಕೇಳೋಕೇ ಧೈರ್ಯ ಬರಲಿಲ್ಲ."

ತಾಯಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಮಗಳ ಎದುರಿಗೇ ಕಚೇರಿಯ ಯಜಮಾನರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ವರದಿ ತಡವಾಯಿತು, ಮಗಳ ಕೆಲಸ ಹೋಯಿತು. ಅರ್ಧ ಬೀದಿಯನ್ನು ಮತ್ತೆ ಕೇಳುವ ಹೊಣೆ ತಾಯಿಯ ತಲೆಗೇ ಬಂತು. ಮಗಳ ಪಕ್ಕದಲ್ಲೇ ಕೂತು ಮೇಷ್ಟ್ರ ನಂಬರ್ ಒತ್ತಿ ಸ್ಪೀಕರ್ ಹಾಕಿದಳು.

"ಆಸ್ಪತ್ರೆಯಾ? ಮುಚ್ಚಬಾರದು ಕಣಮ್ಮ, ಪಾಪ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ತಾರೆ? ತೆರಿಗೆಯಾ? ಒಂದು ಪೈಸೆ ಕೊಡಲ್ಲ!"

ಮಗಳು ತುಟಿ ಕಚ್ಚಿಕೊಂಡಳು. "ಏನಂತ ಬರೀತೀಯಮ್ಮಾ?"

"ಅವರು ಹೇಳಿದ್ದನ್ನೇ," ಎಂದಳು ತಾಯಿ. ಆಸ್ಪತ್ರೆ ಬೇಕು, ತೆರಿಗೆ ಬೇಡ ಎಂದು ಬರೆದು ಮುಂದಿನ ಮನೆಯ ನಂಬರ್ ಒತ್ತಿದಳು.