ಅವನು ನನ್ನ ಮುಖದ ಆಸರೆಯಲ್ಲಿದ್ದಾನೆ

ಚಾಕು ಒಂದೇ ಎಳೆತಕ್ಕೆ ಹಗ್ಗವನ್ನು ಎರಡು ತುಂಡು ಮಾಡಿತು.

ಶೀಹಾಳ ಹೆಗಲಿನಿಂದ ಅರ್ಧ ಹಗ್ಗ ಜಾರಿ ಮರಳಿಗೆ ಬಿತ್ತು. ಉಳಿದರ್ಧ ಚಾಕು ಹಿಡಿದ ಗಂಡಸಿನ ಕೈಯಲ್ಲೇ ಉಳಿಯಿತು. ಸುತ್ತ ನಿಂತವರು ತಿರುಗಿ ನೋಡಿದರು.

ಅದು ತೀರಿಹೋದ ಅವಳಪ್ಪನ ಹಗ್ಗ... ಪರದೇಶದವರನ್ನು ಈ ಕಣಿವೆಯ ಬಂಡೆಗಳ ನೆತ್ತಿಗೇರಿಸಿ ಸುರಕ್ಷಿತವಾಗಿ ಇಳಿಸಿದ ಹಮ್ದಾನನ ಹಗ್ಗ. ಬಂಡೆ ಹತ್ತುವುದನ್ನು ಕಲಿಸುವ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ, ದೇವರ ಹೆಸರು ಹೇಳಿ ಅದನ್ನೇ ಹೆಗಲಿಗೇರಿಸಿಕೊಂಡು ಬಂದಿದ್ದಳು.

"ಇದನ್ನ ನಂಬಿ ಇಲ್ಲಿ ಯಾರೂ ಹತ್ತೋದಿಲ್ಲ," ಎಂದ ಮಿತ್ಲಕ್. ಶಿಬಿರದ ಹಿರಿಯ ತರಬೇತುದಾರ ಅವನೇ. "ಹೊಸದು ತಗೋ. ಹುಡುಗೀರು ಬರೋ ಹೊತ್ತಾಯ್ತು."

ಯಾಕೆ ಎಂದು ಅವಳು ಕೇಳಲಿಲ್ಲ. ಕಬ್ಬಿಣದ ಕೊಕ್ಕೆ ಹಿಡಿದಿದ್ದ ಕೈಯನ್ನೇ ಬೀಸಿದಳು.

ಅವನ ತುಟಿ ಸೀಳಿತು. ರಕ್ತ ಗಡ್ಡಕ್ಕಿಳಿಯಿತು. ಅವನು ತೋಳಿನಲ್ಲಿ ಒರೆಸಿಕೊಂಡು ಅವಳನ್ನೇ ನೋಡಿದ.

"ಏಟು ಗಟ್ಟಿಯಾಗಿದೆ, ಹಮ್ದಾನನ ಮಗಳೇ. ಗಂಟು ಹೇಗಿರುತ್ತೋ ನೋಡೋಣ."

ಅಂದೇ ಹೊರಟುಬಿಡಬಹುದಿತ್ತು ಅವಳು. ಆದರೆ ಅಕಾಬಾ ಪಟ್ಟಣದ ಶಾಲೆಗಳಿಂದ ಬರುವ ಹುಡುಗಿಯರಿಗೆ ಕಲಿಸಲು ಹೆಂಗಸೊಬ್ಬಳು ಬೇಕೆಂದು ಶಿಬಿರದವರು ಕೇಳಿದಾಗ, ಅಣ್ಣನ ಜೊತೆ ಒಂದು ಚಳಿಗಾಲವಿಡೀ ಜಗಳವಾಡಿ ಪಡೆದ ಕೆಲಸವಿದು.

'ಇವನ ದಯೆಯಿಂದ ಬಂದದ್ದಲ್ಲ. ಇವನ ಸಿಟ್ಟಿಗೆ ಬಿಟ್ಟುಕೊಡುವುದೂ ಇಲ್ಲ...'

ಮಿತ್ಲಕ್ ಅವಳ ಪ್ರತಿ ಗಂಟನ್ನೂ ಮೈಭಾರ ಹಾಕಿ ಜಗ್ಗುತ್ತಿದ್ದ. ಒಮ್ಮೆ ಗಂಟು ಜಾರಿತು. ಶೀಹಾ ತಲೆಕೆಳಗಾಗಿ ಬಂಡೆಗೆ ಅಪ್ಪಳಿಸಿದಳು. ಮೊಣಕಾಲು ಒಡೆದು ಪೈಜಾಮ ನೆನೆಯಿತು.

"ಬಿದ್ದದ್ದು ನೀನು. ಹುಡುಗಿ ಬಿದ್ದಿದ್ರೆ?" ಮೇಲಿನಿಂದ ಅವನ ದನಿ ಕೇಳಿತು.

"ನಿನ್ನ ಮೇಲೇ ಬೀಳಲಿ ಅಂತ ಬೇಡ್ಕೊಳ್ತಿದ್ದೆ."

ಅಂದು ಹೊರಡುವಾಗ ಅವಳ ಚೀಲದ ಮೇಲೆ ಮುಲಾಮಿನ ಡಬ್ಬಿಯಿತ್ತು. ಇಟ್ಟವನು ಅತ್ತ ಬೆನ್ನು ಹಾಕಿ ಹಗ್ಗ ಸುತ್ತುತ್ತಿದ್ದ. ಅವಳು ಅದನ್ನು ಎಸೆಯಲು ಕೈಯೆತ್ತಿದಳು... ಎಸೆಯಲಿಲ್ಲ.

'ಕೈ ಕಲ್ಲು ಇವನದ್ದು. ಕಣ್ಣು ಮಾತ್ರ ಯಾಕೆ ಹಾಗಿಲ್ಲ?'

ಗುಡಾರಗಳಲ್ಲಿ ಬಾಳಿದ ನಮ್ಮ ಬುಡಕಟ್ಟಿನಲ್ಲಿ ಒಂದು ಮನೆಯ ಹಗ್ಗ ಕತ್ತರಿಸುವುದೆಂದರೆ ಆ ಮನೆಯ ಗುಡಾರವನ್ನೇ ನೆಲಕ್ಕೆ ಕೆಡವಿದಂತೆ. ಬಂಡೆ ಹತ್ತುವ ಹಗ್ಗ ಬೇರೆ, ಗುಡಾರದ ಹಗ್ಗ ಬೇರೆ ಎಂದು ಬಿಡಿಸಿ ಹೇಳುವ ತಾಳ್ಮೆ ಸುದ್ದಿಗೆಲ್ಲಿ? ಅಕಾಬಾದಲ್ಲಿ ಪಿಕಪ್ ಓಡಿಸುತ್ತಿದ್ದ ಅವಳಣ್ಣ ಅವ್ವಾದನ ಕಿವಿಗೆ ಬೀಳುವಷ್ಟರಲ್ಲಿ, ಚಾಕು ತಂಗಿಯ ಕುತ್ತಿಗೆಯ ತನಕ ಹೋಗಿಬಂದಿತ್ತು. ಅವನು ನೇರ ಮನೆಗೆ ಬಂದ. ಮೂಲೆಯಲ್ಲಿದ್ದ ತುಂಡು ಹಗ್ಗ ಕಂಡಿತು. ಇನ್ನೇನು ಸಾಕ್ಷಿ ಬೇಕು!

ಶೀಹಾ ಬಂಡೆಯ ಮೇಲೆ ಹಗ್ಗ ಬಿಗಿಯುತ್ತಿದ್ದಳು. ಕೆಳಗೆ ಮಿತ್ಲಕನ ಎದುರು ಹುಡುಗಿಯರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಪಿಕಪ್ ಮರಳೆಬ್ಬಿಸಿಕೊಂಡು ಬಂದು ನಿಂತಿತು. ಕಬ್ಬಿಣದ ಸರಳು ಹಿಡಿದು ಅವ್ವಾದ್ ಇಳಿದ. ಹಿಂದೆಯೇ ಚಿಕ್ಕಪ್ಪನ ಮಗ ಜಾಸಿರ್.

"ಹಮ್ದಾನನ ಮನೇಲಿ ಗಂಡಸರು ಸತ್ತೋಗಿದ್ದಾರೆ ಅಂದ್ಕೊಂಡ್ಯೇನೋ?"

"ಹುಡುಗೀರಿದ್ದಾರೆ, ಅವ್ವಾದ್," ಎಂದ ಮಿತ್ಲಕ್. "ಬಂಡೆ ಹಿಂದಕ್ಕೆ ಹೋಗೋಣ. ಅಲ್ಲಿ ಹೊಡಿ."

ಸರಳಿನ ಏಟು ಅಲ್ಲೇ ಬಿತ್ತು. ಮಿತ್ಲಕನ ಎಡಗೈ ಮೂಳೆ ಒಣ ಜಾಲಿಯ ಕೊಂಬೆಯಂತೆ ಲಟ್ಟನೆ ಮುರಿಯಿತು. ಎರಡನೆಯ ಏಟು ಬೆನ್ನಿಗೆ. ಮೂರನೆಯದಕ್ಕೆ ಅವನು ಮಂಡಿಯೂರಿದ. ಜಾಸಿರ್ ಅವನ ಮುಖಕ್ಕೆ ಒದ್ದ. ಹುಡುಗಿಯರು ಕಿರುಚುತ್ತ ಬಸ್ಸಿನ ಹಿಂದೆ ಅಡಗಿದರು. ಮಿತ್ಲಕ್ ಮಾತ್ರ ಒಮ್ಮೆಯೂ ಕೈಯೆತ್ತಲಿಲ್ಲ.

ಮೇಲಿಂದ ಎಲ್ಲವನ್ನೂ ಕಂಡಳು ಶೀಹಾ. ಇವನ ತುಟಿಯಲ್ಲಿ ರಕ್ತ ಕಂಡು ತಣ್ಣಗಾಗಿದ್ದ ಎದೆ, ಇಂದು ಅದೇ ರಕ್ತ ಕಂಡು ಹೀಗೇಕೆ ಬಿರಿಯುತ್ತಿದೆ?

ಕೈಗವಸು ಹುಡುಕಲಿಲ್ಲ ಅವಳು. ಹಗ್ಗ ಹಿಡಿದು ಕೆಳಗೆ ಜಾರಿದಳು. ಅಂಗೈ ಚರ್ಮ ಸುಟ್ಟು ಸುಲಿಯಿತು. ಕಾಲು ನೆಲ ಮುಟ್ಟುವಾಗ ಅಣ್ಣನ ಕೈಯಲ್ಲಿ ಸರಳಿರಲಿಲ್ಲ, ಕಠಾರಿಯಿತ್ತು. ನುಗ್ಗಿ ನಡುವೆ ನಿಂತಳು.

"ಅವನು ನನ್ನ ಮುಖದ ಆಸರೆಯಲ್ಲಿದ್ದಾನೆ."

ಕಠಾರಿ ಗಾಳಿಯಲ್ಲೇ ನಿಂತಿತು. ಒಬ್ಬರು ತಮ್ಮ ಮುಖವನ್ನು, ಅಂದರೆ ಮಾನವನ್ನೇ, ಒತ್ತೆಯಿಟ್ಟು ಆ ಮಾತಾಡಿದ ಮೇಲೆ ಮುಗಿಯಿತು. ಆಸರೆ ಪಡೆದವನನ್ನು ಮುಟ್ಟಿದರೆ ಆಸರೆ ಕೊಟ್ಟವರ ಮಾನವನ್ನೇ ಕಡಿದಂತೆ. ಬುಡಕಟ್ಟಿನ ಹಿರಿಯರೆದುರು ಉತ್ತರ ಹೇಳಬೇಕು.

ಜಾಸಿರ್ ನಕ್ಕ. "ಹೆಂಗಸಿನ ಮುಖ ಅಷ್ಟಗಲ ಇದ್ಯಾ?"

"ಮುಟ್ಟಿ ನೋಡು, ಎಷ್ಟಗಲ ಅಂತ ಹಿರೀಕರು ಅಳೀತಾರೆ."

ಅವ್ವಾದ್ ಸೊಂಟಕ್ಕೆ ಸುತ್ತಿದ್ದ ತುಂಡು ಹಗ್ಗವನ್ನು ಎಳೆದು ಅವಳ ಮುಖಕ್ಕೆ ಹಿಡಿದ. "ಅಪ್ಪನ ಹಗ್ಗ ಕಡಿದೋನಿಗೆ ಆಸರೆ ಕೊಡ್ತೀಯೇನೇ ನೀನು?"

"ಕೊಡು ಅದನ್ನ!" ಅವಳು ಕಿತ್ತುಕೊಳ್ಳಲು ಜಗ್ಗಿದಳು. ಅವನೂ ಬಿಡದೆ ಜಗ್ಗಿದ.

ಹಗ್ಗ ನಡುವೆಯೇ ಕಡಿದುಹೋಯಿತು... ಹಳಸಿದ ರೊಟ್ಟಿ ಮುರಿದಂತೆ! ಒಳಗಿನ ಎಳೆಗಳು ಹಿಟ್ಟಾಗಿ ಮರಳಿಗೆ ಉದುರಿದವು.

ಅಣ್ಣ ತಂಗಿ ಇಬ್ಬರೂ ತಮ್ಮ ತಮ್ಮ ಕೈಯನ್ನೇ ನೋಡಿದರು. ತುದಿಯಲ್ಲಿ ಹಳದಿ ಕಲೆಯಿತ್ತು. ಅವ್ವಾದ್ ಅದನ್ನು ಮೂಗಿಗೆ ಹಿಡಿದ.

"ಬ್ಯಾಟರಿ..." ಎಂದ ತೊದಲುತ್ತ. "ಪಿಕಪ್ಪಿನ ಹಳೇ ಬ್ಯಾಟರಿ ಕೆಳಗೆ ಬಿದ್ದಿತ್ತು ಇದು. ಅದರ ಆಸಿಡ್ ಸೋರ್ತಿತ್ತು. ನಾನೇ... ಒರೆಸಿ ನಿನಗೆ ಕೊಟ್ಟೆ."

ಶೀಹಾ ಮಿತ್ಲಕನತ್ತ ಬಗ್ಗಿದಳು. "ನಿನಗೆ ಗೊತ್ತಿತ್ತಾ?"

"ಕೈಲಿ ಹಿಡಿದಾಗ ಗೊತ್ತಾಯ್ತು."

"ಬಾಯಿ ಬಿಡಬಾರದಿತ್ತಾ?"

"ಅಷ್ಟು ಜನರೆದುರು... ಹಮ್ದಾನನ ಹಗ್ಗ ಕೊಳೆತಿದೆ ಅನ್ನಲಾ? ನನಗೂ ಹತ್ತೋದು ಕಲಿಸಿದ್ದು ಅವರೇ."

ಅಷ್ಟಕ್ಕೆ ಅವನ ಕಣ್ಣು ಮುಚ್ಚಿತು. ಕಠಾರಿ ಬಿಸಾಡಿ ಅವನನ್ನು ಪಿಕಪ್ಪಿಗೆ ಹೊತ್ತವನು ಅವ್ವಾದನೇ.

ಶುಕ್ರವಾರದ ನಮಾಜು ಮುಗಿಸಿ ಅವ್ವಾದ್ ಹಿರಿಯರೊಡನೆ ಮಿತ್ಲಕನ ಮನೆಗೆ ಬಂದ. ಜೊತೆಗೆ ಬಂದ ಶೀಹಾ ಹೆಂಗಸರ ಪರದೆಯಾಚೆ ಕೂತಳು. ಬಟ್ಟಲುಗಳಿಗೆ ಏಲಕ್ಕಿ ಕಾಫಿ ಬಗ್ಗಿಸಿದರು. ಅವ್ವಾದ್ ತುಟಿಗೆ ತಾಗಿಸದೆ ಬಟ್ಟಲನ್ನು ಕೆಳಗಿಟ್ಟ. ಬೇಡಲು ಬಂದವನು ಬೇಡಿದ್ದು ಸಿಗುವ ತನಕ ಕುಡಿಯುವುದುಂಟೆ?

"ತಪ್ಪಾಯ್ತು, ತಮ್ಮಾ. ನಿನ್ನ ಮೂಳೆಗೆ ಹಿರಿಯರು ಏನು ದಂಡ ಹೇಳಿದ್ರೂ ತಲೆ ಮೇಲಿಟ್ಕೋತೀನಿ."

ಮಿತ್ಲಕನ ಎಡಗೈ ಬಟ್ಟೆಯ ಜೋಲಿಯಲ್ಲಿತ್ತು. "ಕುಡಿ, ಅವ್ವಾದಣ್ಣ. ನನ್ನ ಹಕ್ಕನ್ನ ಅಲ್ಲಾಹನಿಗಾಗಿ ಬಿಟ್ಟೆ."

ಎಲ್ಲರೂ ಕುಡಿದರು. ಆದರೆ ಮಿತ್ಲಕ್ ತನ್ನ ಬಟ್ಟಲನ್ನು ಕೆಳಗಿಟ್ಟ.

"ಏನಪ್ಪಾ ಇದು," ಹಿರಿಯರೊಬ್ಬರು ನಕ್ಕರು. "ಮನೆಯವನೇ ಬಟ್ಟಲು ಕೆಳಗಿಟ್ರೆ, ಬಂದೋರು ಏನು ಮಾಡೋದು?"

ಅವ್ವಾದ್ ಹೆಂಗಸರ ಕಡೆಯ ಪರದೆಯತ್ತ ನೋಡಿದ. ತಂಗಿಯ ಕೈ ಬೇಡುತ್ತಿದ್ದಾನೆಂದು ಅರ್ಥವಾಯಿತು. "ನಿನಗೇನು ಬೇಕು ಅನ್ನೋದು ಗೊತ್ತಾಯ್ತು. ಉತ್ತರ ನನ್ನ ಹತ್ರ ಇಲ್ಲ. ಆಸರೆ ಕೊಟ್ಟೋಳನ್ನೇ ಕೇಳು."

ಪರದೆಯಾಚೆ ಹೆಂಗಸರು ಶೀಹಾಳತ್ತ ತಿರುಗಿದರು.

"ಮೊದಲು ನಂಗೊಂದು ಉತ್ತರ ಬೇಕು," ಎಂದಳು ಶೀಹಾ. "ಜನರೆದುರು ಹೇಳಲಿಲ್ಲ, ಸರಿ. ಆಮೇಲೆ ನಾವಿಬ್ಬರೇ ಇದ್ದಾಗ?"

ಮಿತ್ಲಕ್ ಜೋಲಿಯ ಗಂಟನ್ನು ಸರಿಪಡಿಸಿಕೊಂಡ.

"ಹೇಳಿದ್ರೆ ನಿನ್ನ ಸಿಟ್ಟು ಹೋಗ್ತಿತ್ತು."

"ಹೋಗ್ಲಿ ಅನ್ನಿಸಲಿಲ್ವಾ?"

"ಸಿಟ್ಟಿದ್ದಷ್ಟು ದಿನ ನನ್ನನ್ನೇ ನೋಡ್ತಿದ್ದೆ ನೀನು..."

ಹೆಂಗಸರು ಕಿಲಕಿಲ ನಕ್ಕರು. ಶೀಹಾ ಪಟ್ಟಿ ಕಟ್ಟಿದ ಅಂಗೈಗಳನ್ನು ಮುಖಕ್ಕೊತ್ತಿಕೊಂಡಳು. ಕಣ್ಣೀರಿನ ಉಪ್ಪು ಗಾಯಕ್ಕೆ ತಾಗಿ ಉರಿಯಿತು. ಆ ಉರಿಯೂ ಹಿತವೆನಿಸಿತು.

"ಕೆಲಸ ಬಿಡೋದಿಲ್ಲ ನಾನು."

"ಬಿಡು ಅಂದೋರ್ಯಾರು? ನನ್ನ ಮೂಳೆ ಕೂಡೋ ತನಕ ಶಿಬಿರಕ್ಕೆ ಹಿರಿಯಳು ನೀನೇ. ನನ್ನ ಗಂಟನ್ನೂ ನೀನೇ ಜಗ್ಗಿ ನೋಡ್ಬೇಕು."

"ಬೀಳಿಸ್ತೀನಿ."

"ಗೊತ್ತು."

ಪರದೆಯಾಚೆಯಿಂದ ದನಿ ಮೆಲ್ಲಗೆ ಬಂತು. "ಹಾಗಾದ್ರೆ ಕುಡೀರಿ... ಕಾಫಿ ಆರೋಗುತ್ತೆ."

ಅವನಿಗೆ ಅವಳಿಂದ ಮೊದಲ ಸಲ ಬಹುವಚನ. ಮಿತ್ಲಕ್ ಬಟ್ಟಲೆತ್ತಿಕೊಂಡ.

"ಆರಿದ್ರೂ ಪರವಾಗಿಲ್ಲ, ಶೀಹಾ," ಎಂದ.