ಆ ಮನೆಯಲ್ಲಿ ಏನು ಕೆಟ್ಟಿದೆ?

"ನೀವು ಇಲ್ಲಿ ಕೂತ್ಕೊಳ್ಳಿ. ಮನೆ ನಾನೇ ನೋಡ್ಕೊಂಡು ಬರ್ತೀನಿ."

ಮಹಡಿಯ ಖಾಲಿ ಮನೆಯಲ್ಲಿದ್ದ ಒಂದೇ ಒಂದು ಸ್ಟೂಲನ್ನು ಅವನು ತನ್ನ ಕರವಸ್ತ್ರದಿಂದ ಒರೆಸಿ ಅವಳ ಕಡೆ ಸರಿಸಿದ.

ಅವಳು ಬೆರಗಾದಳು. ಬೆಳಗಿನಿಂದ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಊದಿಕೊಂಡಿತ್ತು. ಇವನಿಗೆ ಅದು ಹೇಗೆ ಕಂಡಿತು?

"ಮನೆ ತೋರಿಸಬೇಕಾದವಳು ನಾನು..."

"ಇರೋದು ಎರಡು ಕೋಣೆ. ಕಳೆದುಹೋಗಲ್ಲ ಬಿಡಿ!"

ಅವಳಿಗೆ ನಗು ಬಂದೇಬಿಟ್ಟಿತು. ನಕ್ಕು ಎಷ್ಟು ದಿನವಾಗಿತ್ತೋ!

ಅವನು ಕನ್ನಡಕದ ಅಂಗಡಿಯವನು, ಒಂಟಿ. ಇದ್ದ ಬಾಡಿಗೆ ಮನೆಯನ್ನು ಓನರ್ ಅಜ್ಜಿಯ ಮೊಮ್ಮಗಳಿಗಾಗಿ ಖಾಲಿ ಮಾಡಿ, ಈಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದ. ವಿಚಾರಿಸಿಕೊಳ್ಳಲಿ ಎಂದು ಆ ಅಜ್ಜಿಯ ಫೋನ್ ನಂಬರ್ ಕೊಟ್ಟು ಹೋದ.

ವಿಚಾರಿಸುವುದರಲ್ಲಿ ಅವಳು ಈಗ ಪಳಗಿದ್ದಳು. ಹಿಂದಿನ ಬಾಡಿಗೆದಾರ ಕೊಟ್ಟ ನಂಬರಿನಲ್ಲಿ 'ಓನರ್' ಆಗಿ ಮಾತಾಡಿದವನು ಅವನದೇ ಗೆಳೆಯ! ಬಾಯ್ತುಂಬ ಹೊಗಳಿದ್ದ. ಕೊನೆಗೆ ಬಾಡಿಗೆದಾರ ಬಾಗಿಲು ಮುರಿದು, ಗೋಡೆ ಕೆಡಿಸಿ, ಹೇಳದೆ ಕೇಳದೆ ಮಾಯವಾದ.

ಅಂದಿನಿಂದ ಅವಳು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಮನೆಯಲ್ಲಿ ಏನು ಕೆಟ್ಟಿದೆ? ನಿಜವಾದ ಓನರ್ ತನ್ನ ಮನೆಯ ಕಾಯಿಲೆಗಳನ್ನೆಲ್ಲ ಹೇಳಿಕೊಂಡು ಗೋಳಾಡುತ್ತಾನೆ. ಸುಳ್ಳು ಓನರ್ ತಡವರಿಸುತ್ತಾನೆ.

"ನೀನು ಮನೆ ಬಾಡಿಗೆಗೆ ಕೊಡ್ತಿದ್ದೀಯೋ, ಹೆಣ್ಣು ಕೊಡ್ತಿದ್ದೀಯೋ?" ಅಮ್ಮ ಕೆಣಕಿದಳು.

"ಸುಮ್ನಿರಮ್ಮ!" ಎಂದಳು. ಕೆನ್ನೆ ಮಾತ್ರ ಬಿಸಿಯಾಯಿತು.

ಫೋನಿನಲ್ಲಿ ಅಜ್ಜಿಯ ದನಿ ನಡುಗುತ್ತಿತ್ತು.

"ಹುಡುಗ ಬಂಗಾರ ಕಣಮ್ಮ."

"ಮನೆ ಹಳೇದಾ ಅಜ್ಜಿ?"

"ನನ್ನ ಮದುವೆಗಿಂತ ಹಳೇದು!"

"ಕೊಳಾಯಿ, ಕಿಟಕಿ, ಬೀಗ... ಏನಾದ್ರೂ ಕೆಟ್ಟಿದ್ಯಾ?"

"ಕೆಟ್ಟಿರೋದಾ...? ಏನೂ ಇಲ್ವಲ್ಲ. ಎಲ್ಲ ಚೆನ್ನಾಗಿದೆ."

ಅವಳು ಫೋನ್ ಇಟ್ಟಳು. ಅಷ್ಟು ಹಳೆಯ ಮನೆಯಲ್ಲಿ ಏನೂ ಕೆಟ್ಟಿಲ್ಲವೇ? ಯಾವ ಮುದುಕಿಗೆ ಪಾಠ ಹೇಳಿಕೊಟ್ಟು ಕೂರಿಸಿದ್ದಾನೋ!

ಇವನೂ ಹಾಗೇ... ಆ ಸ್ಟೂಲೂ ನಾಟಕವೇ?

ಮರುದಿನ ಅವನು ಮುಖವರಳಿಸಿಕೊಂಡು ಬಂದ. ಅವಳು ಬಾಗಿಲಲ್ಲೇ ತಡೆದಳು.

"ಮನೆ ಕೊಡೋಕಾಗಲ್ಲ. ನಿಮ್ಮ ಅಜ್ಜಿಗೆ ಇನ್ನೂ ಸ್ವಲ್ಪ ಚೆನ್ನಾಗಿ ಕಲಿಸಬೇಕಿತ್ತು!"

ಅವನ ಮುಖ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದ. ಅವಳ ಕಣ್ಣು ನೋಡಿದ.

"ತುಂಬಾ ದಣಿದಿದ್ದೀರಿ. ಬರ್ತೀನಿ."

ಬೈದು ಹೋಗಿದ್ದರೆ ಚೆನ್ನಾಗಿತ್ತು. ಆ ಒಂದು ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಆಮೇಲೆ ಯಾರು ಯಾರೋ ಮನೆ ನೋಡಲು ಬಂದರು. ಅವಳು ಫೋನ್ ಮಾಡಿದಳು, ಕೇಳಿದಳು, ಬೇಡವೆಂದಳು. ಯಾರನ್ನೂ ನಂಬದಿರುವುದು ಕೌಂಟರಿನ ಹಿಂದೆ ನಿಲ್ಲುವುದಕ್ಕಿಂತ ಆಯಾಸದ ಕೆಲಸ ಎನ್ನಿಸತೊಡಗಿತು.

ಒಂದು ಮಧ್ಯಾಹ್ನ, ಔಷಧಿ ಅಂಗಡಿಯಲ್ಲಿದ್ದಾಗಲೇ ಅಜ್ಜಿಯ ಫೋನ್ ಬಂತು.

"ತಾಯೀ, ನಾನು ನಿನಗೆ ತಪ್ಪು ಹೇಳಿದೆ ಕಣಮ್ಮ! ಮೊಮ್ಮಗಳು ಆ ಮನೆಗೆ ಬಂದ್ಳು. ಬರ್ತಿದ್ದ ಹಾಗೇ ಕೊಳಾಯಿ ಸೋರ್ತಿದೆ ಅಂತಾಳೆ, ಬೀಗ ತಿರುಗಲ್ಲ ಅಂತಾಳೆ. ಆ ಹುಡುಗ ಎಲ್ಲಾನೂ ತಾನೇ ಆಗಾಗ ರಿಪೇರಿ ಮಾಡ್ಕೊಳ್ತಿದ್ದನಂತೆ. ನನ್ನ ಮೊಣಕಾಲು ನೋವಲ್ಲಿ ಮೆಟ್ಟಿಲು ಹತ್ತೋದು ಬೇಡ ಅಂತ ಬಾಯೇ ಬಿಟ್ಟಿಲ್ಲ! ಪಕ್ಕದ ಮನೆಯವರು ಈಗ ಹೇಳಿದ್ರು. ಮನೆ ಚೆನ್ನಾಗಿದೆ ಅಂದ್ಕೊಂಡು ನಾನು ಹಾಯಾಗಿದ್ದೆ..."

ಅವಳು ಫೋನನ್ನು ಕೌಂಟರಿನ ಮೇಲಿಟ್ಟಳು.

ಅಯ್ಯೋ, ನಾನೆಂಥ ಮಾತಾಡಿಬಿಟ್ಟೆ!

ಕೆಲಸ ಮುಗಿದ ಕೂಡಲೇ ಕನ್ನಡಕದ ಅಂಗಡಿಗೆ ನಡೆದಳು. ಅವನು ದೀಪದ ಕೆಳಗೆ ಬಗ್ಗಿ, ಯಾರದೋ ಕನ್ನಡಕದ ಕಾಲಿಗೆ ಪುಟ್ಟ ತಿರುಪು ಕೂರಿಸುತ್ತಿದ್ದ. ಹಿಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ಮಡಚಿಟ್ಟ ಚಾಪೆ ಕಂಡಿತು.

"ಅಜ್ಜಿ ಫೋನ್ ಮಾಡಿದ್ರು," ಎಂದಳು. "ನನ್ನನ್ನ ಕ್ಷಮಿಸಿ. ನೀವು ಯಾಕೆ ಆವತ್ತು ಒಂದು ಮಾತೂ ಆಡಲಿಲ್ಲ?"

"ನಾನು ಏನು ಹೇಳಿದ್ರೂ ನೀವು ಅದನ್ನೂ ವಿಚಾರಿಸಬೇಕಾಗ್ತಿತ್ತು. ಎಷ್ಟು ಅಂತ ವಿಚಾರಿಸ್ತೀರಿ, ಪಾಪ!"

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

"ಮನೆ ಇನ್ನೂ ಖಾಲಿ ಇದೆ... ಆದ್ರೆ ಮನೆ ವಿಷಯಕ್ಕೆ ಮಾತ್ರ ಬಂದಿಲ್ಲ ನಾನು. ನೀವು ಹೋದ ಮೇಲೆ ಮನೆ ನೋಡೋಕೆ ಯಾರೇ ಬಂದ್ರೂ, ಮೆಟ್ಟಿಲ ಸದ್ದು ಕೇಳಿದ ಕೂಡಲೇ ನೀವೇ ಇರಬಹುದು ಅನ್ಸ್ತಿತ್ತು."

ಅವನ ಕೈಯಲ್ಲಿದ್ದ ತಿರುಪು ಮೇಜಿನ ಮೇಲೆ ಬಿದ್ದು ಉರುಳಿತು. ಅವನು ಹುಡುಕಲಿಲ್ಲ.

"ನಾನು ದಿನಾ ಸಂಜೆ ನಿಮ್ಮ ಬೀದಿ ತುದಿವರೆಗೆ ಬಂದು ವಾಪಸ್ ಹೋಗ್ತಿದ್ದೆ," ಎಂದ ಮೆಲ್ಲಗೆ. "ಸರಿ, ಈಗ ನನ್ನ ಸರದಿ. ನಾನೂ ವಿಚಾರಿಸಬೇಕಲ್ಲ! ನಿಮ್ಮ ಮನೆಯಲ್ಲಿ ಏನು ಕೆಟ್ಟಿದೆ?"

"ಅಡುಗೆಮನೆ ಕಿಟಕಿ ಮುಚ್ಚಲ್ಲ. ಮೆಟ್ಟಿಲ ದೀಪ ಹತ್ತಲ್ಲ. ಮತ್ತೆ... ಓನರ್‌ಗೆ ಸಂಜೆಯಾದ್ರೆ ಸುಮ್ಮಸುಮ್ಮನೆ ಸಿಟ್ಟು ಬರುತ್ತೆ."

"ಅದು ಸಿಟ್ಟಲ್ಲ, ಕಾಲು ನೋವು."

ಅವನು ಎದ್ದ. ತಾನು ಕೂತಿದ್ದ ಸ್ಟೂಲನ್ನು ಒರೆಸಿ ಅವಳ ಕಡೆ ಸರಿಸಿದ.

"ಕೂತ್ಕೊಳ್ಳಿ."

"ನೀವು?"

"ನಿಮ್ಮ ಪಕ್ಕದಲ್ಲೇ ಇರ್ತೀನಿ."