ಅಮ್ಮ ‘ರೈಟ್’ ಅಂದಾಗ

“ಒಳಗೆ ಹೋಗಿ, ಒಳಗೆ ಹೋಗಿ. ಬಾಗಿಲಲ್ಲೇ ನಿಂತ್ಕೊಂಡ್ರೆ ಹತ್ತೋರು ಎಲ್ಲಿ ಹತ್ತಬೇಕು?”

ಅಯ್ಯೋ, ಶುರುವಾಯಿತು ಎಂದುಕೊಂಡು ಚೂಟಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹೀಗೆ ಕೂಗಿದ್ದು ಬಸ್ಸಿನ ಕಂಡಕ್ಟರ್ ಅಲ್ಲ. ಈ ಊರಿನ ಬಸ್ಸುಗಳಲ್ಲಿ ಕಂಡಕ್ಟರೇ ಇಲ್ಲ. ಹತ್ತುವಾಗ ಕಾರ್ಡು ತೋರಿಸಿದರೆ ಮೆಷಿನ್ ಟಿಂಯ್ ಎನ್ನುತ್ತದೆ, ಅಷ್ಟೇ. ಕೂಗಿದ್ದು ಚೂಟಿಯ ಅಮ್ಮ.

ಅಮ್ಮ ತಮ್ಮ ಊರಿನಲ್ಲಿ ಬಸ್ ಕಂಡಕ್ಟರ್. ಹನ್ನೊಂದು ವರ್ಷದಿಂದ ಅದೇ ಕೆಲಸ. ರಜೆ ಸಿಗುವುದೇ ಅಪರೂಪ. ಸಿಕ್ಕ ಒಂದು ದಿನದಲ್ಲಿ ಇಬ್ಬರೂ ರೈಲಿನಲ್ಲಿ ಬಂದು, ಗೊತ್ತೇ ಇಲ್ಲದ ಈ ದೊಡ್ಡ ಊರನ್ನು ಬಸ್ಸಿನಲ್ಲೇ ಸುತ್ತಿ, ಸಂಜೆಯ ರೈಲಿಗೆ ವಾಪಸ್ ಹೋಗಬೇಕು. ಬೆಳಗ್ಗೆ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕಿದ್ದ ಅಕ್ವೇರಿಯಂ ನೋಡಿದ್ದಾಯಿತು. ಈಗ ನದಿಯಾಚೆಯ ಗಡಿಯಾರದ ಗೋಪುರಕ್ಕೆ ಹೊರಟಿದ್ದರು.

ರಜೆ ಸಿಕ್ಕಿದ್ದು ಅಮ್ಮನಿಗೆ, ಅಮ್ಮನ ಬಾಯಿಗಲ್ಲ. ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡಿದ್ದವನಿಗೆ ಅದನ್ನು ಕೆಳಗಿಡಲು ಹೇಳಿದಳು. ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಕಾಲೇಜು ಹುಡುಗನನ್ನು ಎಬ್ಬಿಸಿ, ಕೋಲು ಹಿಡಿದಿದ್ದ ಒಬ್ಬ ಅಜ್ಜಿಯನ್ನು ಅಲ್ಲಿ ಕೂರಿಸಿದಳು. ಜನ ಮುಖ ಮುಖ ನೋಡಿಕೊಂಡರು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಅಮ್ಮಾ, ಇದು ನಿನ್ ಬಸ್ಸಲ್ಲ,” ಎಂದು ಚೂಟಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. “ಸುಮ್ನೆ ಕೂತ್ಕೋಬಾರ್ದಾ? ನಂಗೆ ನಾಚಿಕೆ ಆಗುತ್ತೆ.”

ಅಮ್ಮನ ಮುಖ ಸಪ್ಪಗಾಯಿತು. ಆಯ್ತು ಕಣೇ ಎಂದು ಕೂತಳು. ಕೂತದ್ದು ಎರಡು ಸ್ಟಾಪಿನವರೆಗೆ ಮಾತ್ರ.

ಮೂರನೆಯ ಸ್ಟಾಪಿನಲ್ಲಿ ಒಬ್ಬ ಆಂಟಿ ಮಗು ಮಲಗಿದ್ದ ತಳ್ಳುಗಾಡಿಯನ್ನು ಇಳಿಸಲಾಗದೆ ಹಿಂದಿನ ಬಾಗಿಲಲ್ಲಿ ಒದ್ದಾಡುತ್ತಿದ್ದರು. ಅಮ್ಮ ನೋಡಿಕೊಂಡು ಸುಮ್ಮನಿರುವವಳೇ? ಎದ್ದು ಹೋಗಿ ಗಾಡಿಯ ಮುಂದಿನ ಚಕ್ರ ಎತ್ತಿ, ತಾನೂ ಕೆಳಗಿಳಿದು, ಅದನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿದಳು. ಆಮೇಲೆ ಹನ್ನೊಂದು ವರ್ಷದಿಂದ ದಿನಕ್ಕೆ ನೂರು ಸಲ ಮಾಡುತ್ತಿದ್ದುದನ್ನೇ ಮಾಡಿದಳು. ಬಸ್ಸಿನ ಮೈಗೆ ಅಂಗೈಯಿಂದ ದಬದಬ ಬಡಿದು, “ರೈಟ್, ರೈಟ್,” ಎಂದಳು.

ಬಾಗಿಲು ಮುಚ್ಚಿತು. ಬಸ್ಸು ಹೊರಟಿತು. ಅಮ್ಮ ಕೆಳಗೆ, ಚೂಟಿ ಒಳಗೆ.

ತನ್ನ ಬಸ್ಸಾಗಿದ್ದರೆ ಅಮ್ಮ ಒಂದೇ ನೆಗೆತಕ್ಕೆ ಹತ್ತಿಬಿಡುತ್ತಿದ್ದಳು. ಇದರ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು. ಕಿಟಕಿಯ ಗಾಜಿನಾಚೆ ಅಮ್ಮನ ಬಾಯಿ ತೆರೆದದ್ದು ಕಾಣಿಸಿತು, ದನಿ ಕೇಳಿಸಲಿಲ್ಲ.

ಚೂಟಿ ಗಾಜನ್ನು ಬಡಿದಳು. ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ “ಹೋಲ್ಡಾನ್!” ಎಂದು ಕಿರುಚಿದಳು. ಅಮ್ಮ ಬಸ್ಸು ನಿಲ್ಲಿಸುವುದು ಹಾಗೆಯೇ. ಬೇರೆ ಮಾತು ಅವಳ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಬಸ್ಸು ಸೇತುವೆ ಏರಿಯಾಗಿತ್ತು. ಇಲ್ಲಿ ನಿಲ್ಲಿಸುವ ಹಾಗಿಲ್ಲ, ಮುಂದಿನ ಸ್ಟಾಪು ಸೇತುವೆ ದಾಟಿದ ಮೇಲೇ ಎಂದು ಡ್ರೈವರ್ ಅಂಕಲ್ ಹೇಳಿದರು. ಸೇತುವೆಯೋ, ಮುಗಿಯುವುದೇ ಇಲ್ಲ. ಅಮ್ಮನ ಫೋನು ಚೂಟಿಯ ಕೈಯಲ್ಲೇ ಇತ್ತು. ಬೆಳಗ್ಗೆಯಿಂದ ಮೀನುಗಳ ಫೋಟೋ ತೆಗೆದೂ ತೆಗೆದೂ ಅದರ ಚಾರ್ಜು ಮುಗಿದಿತ್ತು.

“ನಿಮ್ಮಮ್ಮ ಕೆಳಗೇ ಉಳಿದುಬಿಟ್ರಾ ಪುಟ್ಟಾ? ಯಾರವರು?” ಎಂದು ಕೋಲಿನ ಅಜ್ಜಿ ಕೇಳಿದರು.

ಅಷ್ಟು ಹೊತ್ತೂ ಅಮ್ಮನಿಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಕೂತಿದ್ದ ಚೂಟಿ ಬಿಕ್ಕುತ್ತಾ ಹೇಳಿದಳು. “ಕೂಗ್ತಾ ಇದ್ಲಲ್ಲ, ಅವಳೇ.”

ಓಹೋ, ಅವರಾ! ಅಮ್ಮ ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ತುಂಬ ಮಾತೋ ಮಾತು. ಪೊಲೀಸರಿಗೆ ಹೇಳೋಣ ಎಂದ ಬ್ಯಾಗಿನವನು. ಕೊನೆಯ ಸ್ಟಾಪಿನವರೆಗೂ ಬಂದರೆ ಅಲ್ಲಿ ಆಫೀಸಿದೆ, ಮೈಕಿನಲ್ಲಿ ಕೂಗಿಸಬಹುದು ಎಂದರು ಡ್ರೈವರ್.

ಚೂಟಿ ಕಣ್ಣೊರೆಸಿಕೊಂಡಳು. ಅಮ್ಮ ಊಟ ಮಾಡುತ್ತಾ ಬಸ್ಸಿನ ಕತೆಗಳನ್ನು ಹೇಳುವಾಗ ಅವಳು ಟೀವಿ ನೋಡುತ್ತಾ ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದಳು. ಮಕ್ಕಳು ಬಸ್ಸಿನಲ್ಲೇ ಉಳಿದುಬಿಟ್ಟರೆ ಮುಂದಿನ ಸ್ಟಾಪಿನಲ್ಲೇ ಇಳಿಸಿ ನಿಲ್ಲಿಸಿಕೊಳ್ಳಬೇಕಂತೆ. ಅಪ್ಪ ಅಮ್ಮ ಬಿದ್ದೂ ಎದ್ದೂ ಅಲ್ಲಿಗೇ ಬರುತ್ತಾರಂತೆ.

“ನಾನು ಮುಂದಿನ ಸ್ಟಾಪಲ್ಲೇ ಇಳೀತೀನಿ ಅಂಕಲ್. ನಮ್ಮಮ್ಮ ಅಲ್ಲಿಗೇ ಬರ್ತಾಳೆ.”

ಗುರುತಿಲ್ಲದ ಊರಿನಲ್ಲಿ ಮಗುವನ್ನು ಒಂಟಿಯಾಗಿ ಇಳಿಸುವುದು ಹೇಗೆ ಎಂದು ಡ್ರೈವರ್ ಹಿಂದೆ ಮುಂದೆ ನೋಡಿದರು. ಆಗ ಅಜ್ಜಿ ಕೋಲು ಊರಿಕೊಂಡು ಎದ್ದರು. ತಮ್ಮ ಮನೆ ಇನ್ನೂ ದೂರ, ಆದರೆ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ, ಚೂಟಿಯ ಜೊತೆ ಇಳಿದರು.

ಸ್ಟಾಪಿನಲ್ಲಿ ಕಬ್ಬಿಣದ ಬೆಂಚೊಂದಿತ್ತು. ಎದುರಿಗೇ ಗಡಿಯಾರದ ಗೋಪುರ ಕಾಣುತ್ತಿತ್ತು. ಚೂಟಿ ಅತ್ತ ತಿರುಗಿಯೂ ನೋಡಲಿಲ್ಲ. ಸೇತುವೆಯ ಮೇಲೆ ಬರುವ ಒಂದೊಂದು ಬಸ್ಸಿನ ನಂಬರನ್ನೂ ಓದುತ್ತಿದ್ದಳು.

ತುಂಬ ಹೊತ್ತಾದ ಮೇಲೆ ಅದೇ ನಂಬರಿನ ಬಸ್ಸು ಬಂತು. ಚೂಟಿ ಬಾಗಿಲಿಗೇ ಓಡಿದಳು. ಆರು ಜನ ಇಳಿದರು. ಬಸ್ಸು ಹೋಯಿತು. ಆ ಆರು ಜನರಲ್ಲಿ ಅಮ್ಮ ಇರಲಿಲ್ಲ.

ಚೂಟಿ ಬೆಂಚಿಗೆ ವಾಪಸ್ ಬಂದು ಕೂತಳು. ಡ್ರೈವರ್ ಹೇಳಿದಂತೆ ಕೇಳಬೇಕಿತ್ತೇ? ಅಮ್ಮ ಬೇರೆ ಎಲ್ಲಿಗೋ ಹುಡುಕಿಕೊಂಡು ಹೋಗಿಬಿಟ್ಟಳೇ? ಅಜ್ಜಿ ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ತಟ್ಟುತ್ತಾ ಕೂತರು.

ಆಗ ಸೇತುವೆಯ ಪಕ್ಕದ ಕಾಲುದಾರಿಯಲ್ಲಿ ಯಾರೋ ಓಡಿ ಬರುವುದು ಕಾಣಿಸಿತು. ಕೂದಲು ಬಿಚ್ಚಿಹೋಗಿತ್ತು. ಕಾಲಲ್ಲಿರಬೇಕಾದ ಚಪ್ಪಲಿ ಕೈಯಲ್ಲಿತ್ತು. ನಾಲ್ಕು ಹೆಜ್ಜೆ ನಡೆಯುವುದು, ಮತ್ತೆ ಓಡುವುದು.

“ಅಮ್ಮಾ!”

ಅಮ್ಮ ಬಂದವಳೇ ಚೂಟಿಯನ್ನು ಅಪ್ಪಿಕೊಂಡು ಬೆಂಚಿನ ಮೇಲೆ ಕುಸಿದಳು. ಬೈಯಲಿಲ್ಲ. ಏನನ್ನೂ ಕೇಳಲಿಲ್ಲ. ಏದುಸಿರು ಬಿಟ್ಟರೆ ಬೇರೆ ಸದ್ದೇ ಇಲ್ಲ. ಚೂಟಿಗೆ ಅಮ್ಮ ಏನಾದರೂ ಮಾತಾಡಬಾರದೇ ಅನ್ನಿಸಿತು.

“ಬಸ್ಸು ನಿನ್ನ ಪಕ್ಕದಲ್ಲೇ ಬಂತಲ್ಲಮ್ಮ. ಸ್ಟಾಪಲ್ಲೇ ಕಾದಿದ್ರೆ ಅದ್ರಲ್ಲೇ ಬರಬಹುದಿತ್ತು,” ಎಂದರು ಅಜ್ಜಿ.

ಅಮ್ಮ ಎರಡು ಸಲ ಬಾಯಿ ತೆರೆದಳು. ಮೂರನೆಯ ಸಲಕ್ಕೆ ಮಾತು ಬಂತು. “ನಿಲ್ಲೋಕಾಗ್ಲಿಲ್ಲ.”

ಓಡಬೇಡಿ, ಹಿಂದೇನೇ ಇನ್ನೊಂದು ಬಸ್ಸಿದೆ ಎಂದು ದಿನಾ ನೂರಾರು ಜನಕ್ಕೆ ಹೇಳುವವಳು ಇದೇ ಅಮ್ಮ. ಚೂಟಿ ಅವಳ ಕಾಲು ನೋಡಿದಳು. ಬರೀ ಧೂಳು. ಒಂದು ಹಿಮ್ಮಡಿ ಕೆಂಪಗೆ ತರಚಿಹೋಗಿತ್ತು.

ಚೂಟಿ ಅಮ್ಮನ ಕೈಯಿಂದ ಚಪ್ಪಲಿ ತೆಗೆದುಕೊಂಡು, ಕೆಳಗೆ ಕೂತು, ಕಾಲಿನ ಧೂಳು ಒರೆಸಿ ಒಂದೊಂದಾಗಿ ತೊಡಿಸಿದಳು. ಅಮ್ಮ ಅವಳ ಭುಜ ಹಿಡಿದುಕೊಂಡಿದ್ದಳು. ಚಪ್ಪಲಿ ತೊಡಿಸಿಯಾದ ಮೇಲೂ ಆ ಹಿಡಿತ ಸಡಿಲವಾಗಲಿಲ್ಲ. ತನಗೆ ಆದಷ್ಟೇ ಹೆದರಿಕೆ ಅಮ್ಮನಿಗೂ ಆಗಿತ್ತು ಎಂದು ಚೂಟಿಗೆ ಗೊತ್ತಾಯಿತು. ಬಹುಶಃ ಇನ್ನೂ ಜಾಸ್ತಿ.

ಅಜ್ಜಿಯ ಬಸ್ಸು ಬಂತು. ಅವರನ್ನು ಹತ್ತಿಸಿ ಬಂದ ಚೂಟಿ ಅಮ್ಮನ ಪಕ್ಕದಲ್ಲಿ ಅವಳ ಕೈ ಹಿಡಿದು ಕೂತಳು. ಗೋಪುರ ಮುಚ್ಚುವ ಹೊತ್ತಾಗುತ್ತೆ, ಏಳೋಣ ಎಂದು ಅಮ್ಮ ಏಳಲು ನೋಡಿದಳು.

“ಗೋಪುರ ಇಲ್ಲಿಂದ್ಲೇ ಕಾಣುತ್ತಲ್ಲಮ್ಮ,” ಎಂದಳು ಚೂಟಿ. “ಕೂತ್ಕೋ.”

ಅಮ್ಮನ ಉಸಿರು ಸಮವಾಗುವವರೆಗೂ ಅವಳು ಆ ಕೈ ಬಿಡಲಿಲ್ಲ.